ಜ್ವಾಲಾಮುಖಿಯ ಮೋಡವೂ ಅದರ ಎತ್ತರವೂ

೨೦೨೫ನೆಯ ಇಸವಿ ನವೆಂಬರ್ ೨೩ರಂದು ಇಥಿಯೋಪಿಯದ ಹೈಲಿ ಗುಬ್ಬಿ ಎಂಬ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿಯೂ ಅನಿಲವೂ ಕೆಂಪು ಸಮುದ್ರವನ್ನು ದಾಟಿ, ಮರುದಿನ ರಾತ್ರಿಯ ಹೊತ್ತಿಗೆ ದೆಹಲಿಯ ಆಕಾಶವನ್ನು ಮುಟ್ಟಿದುವು. ನಗರದಲ್ಲಿ ಹಲವರು ತಮ್ಮ ಉಸಿರಿಗೆ ಕೇಡೆಂದು ಹೆದರಿದರು; ಹೆದರಬೇಕಾಗಿದ್ದವರು ವಿಮಾನ ನಡೆಸುವವರು. ಆ ಮೋಡ ಹರಿದದ್ದು ನೆಲದಿಂದ ಹಲವು ಕಿಲೋಮೀಟರು ಮೇಲೆ. ಇದಕ್ಕಾಗಿ ಜನರನ್ನು ದೂರುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ಬಣ್ಣ ಬಳಿದ ನಕ್ಷೆ ಮೋಡ ಎಲ್ಲಿದೆಯೆಂದು ತೋರಿಸುತ್ತದೆ; ಎಷ್ಟೆತ್ತರದಲ್ಲಿದೆಯೆಂದು ತಾನಾಗಿ ಹೇಳುವುದಿಲ್ಲ.

ಗಂಧಕದ ಡಯಾಕ್ಸೈಡು ಸೂರ್ಯನ ಅತಿನೇರಿಳೆ ಕಿರಣಗಳನ್ನು ಹೀರುತ್ತದೆ. ಭೂಮಿಯ ಕಡೆಯಿಂದ ಚದುರಿ ಬರುವ ಬೆಳಕಿನಲ್ಲಿ ಆದ ಕೊರತೆಯನ್ನು ಉಪಗ್ರಹ ಅಳೆಯುತ್ತದೆ. ೧೯೭೮ರಲ್ಲಿ ಹಾರಿಸಿದ ನಿಂಬಸ್-೭ರ ಉಪಕರಣವನ್ನು ಮಾಡಿದ್ದು ಓಜೋನನ್ನು ಅಳೆಯಲೆಂದು. ೧೯೮೨ರಲ್ಲಿ ಮೆಕ್ಸಿಕೋದ ಎಲ್ ಚಿಚೋನ್ ಸಿಡಿದಾಗ ಅದೇ ಈ ಅನಿಲವನ್ನೂ ಹಿಡಿದುಕೊಟ್ಟಿತು. ಆದರೆ ಇಂಥ ಅಳತೆ ಮೂಲತಃ ಇಡೀ ವಾಯುಸ್ತಂಭದ ಮೊತ್ತ. ರಾತ್ರಿಯಂತೂ ಈ ಕಣ್ಣು ಕಾಣದು.

ಕೊರತೆಯನ್ನು ತುಂಬುವುದು ಗಾಳಿಯ ಗಣಿತ. ಒಂದೊಂದು ಎತ್ತರದಲ್ಲಿ ಗಾಳಿಯ ದಿಕ್ಕು ಒಂದೊಂದು, ವೇಗವೂ ಒಂದೊಂದು. ಆರು, ಹತ್ತು, ಹದಿನಾಲ್ಕು ಕಿಲೋಮೀಟರುಗಳಲ್ಲಿ ಬಿಟ್ಟ ಅನಿಲ ಎಲ್ಲೆಲ್ಲಿಗೆ ಹೋಗುವುದೆಂದು ಗಣಕಯಂತ್ರದಲ್ಲಿ ಲೆಕ್ಕಹಾಕಿ, ಉಪಗ್ರಹ ಕಂಡ ಆಕಾರಕ್ಕೆ ಹೊಂದುವುದನ್ನು ಆರಿಸುತ್ತಾರೆ. ಎರಡು ಎತ್ತರಗಳ ಗಾಳಿ ಒಂದೇ ಕಡೆಗೆ ಒಂದೇ ವೇಗದಲ್ಲಿ ಬೀಸಿತೋ, ಲೆಕ್ಕ ತಡವರಿಸುತ್ತದೆ. ಎತ್ತರವನ್ನೇ ನೇರವಾಗಿ ಅಳೆಯುವ ಉಪಾಯಗಳೂ ಈಗ ಉಂಟು. ತೆಳುವಾದ ಮೋಡಕ್ಕೆ ಅವು ಸಾಲವು. ಮೇಲಾಗಿ ಅನಿಲವಿದ್ದಲ್ಲೆಲ್ಲ ಬೂದಿ ಇರಬೇಕೆಂದಿಲ್ಲ. ದಪ್ಪ ಬೂದಿ ಬೇಗ ಉದುರುತ್ತದೆ. ಎರಡೂ ಬೇರೆ ಬೇರೆ ದಾರಿ ಹಿಡಿಯುವುದುಂಟು.

ವಿಮಾನಕ್ಕೆ ಶತ್ರು ಬೂದಿಯೇ. ೧೯೮೨ರ ಜೂನ್ ೨೪ರಂದು ಜಾವಾದ ಗಲುಂಗುಂಗ್ ಪರ್ವತದ ಬೂದಿಯನ್ನು ಹೊಕ್ಕ ಬ್ರಿಟಿಷ್ ವಿಮಾನವೊಂದರ ನಾಲ್ಕು ಎಂಜಿನುಗಳೂ ನಿಂತುಹೋದುವು. ಕೆಳಕ್ಕೆ ತೇಲಿ ಬಂದ ಮೇಲೆ ಅವು ಮತ್ತೆ ಹೊತ್ತಿಕೊಂಡುದರಿಂದ ಪ್ರಯಾಣಿಕರು ಬದುಕಿದರು. ಹಾಗೆಂದು ಅನುಮಾನ ಬಂದಲ್ಲೆಲ್ಲ ಆಕಾಶವನ್ನೇ ಮುಚ್ಚಲಾದೀತೆ? ೨೦೧೦ರ ಏಪ್ರಿಲಿನಲ್ಲಿ ಐಸ್‌ಲೆಂಡಿನ ಬೂದಿಯ ದೆಸೆಯಿಂದ ಯೂರೋಪಿನಲ್ಲಿ ಸುಮಾರು ಒಂದು ಲಕ್ಷ ಹಾರಾಟಗಳು ರದ್ದಾದುವು.

ಆದುದರಿಂದ ಇಂಥ ನಕ್ಷೆಯನ್ನು ಸಾರ್ವಜನಿಕರ ಮುಂದಿಡುವವರು ಎತ್ತರವನ್ನೂ, ಅದು ಅಳೆದದ್ದೋ ಊಹಿಸಿದ್ದೋ ಎಂಬುದನ್ನೂ ನಕ್ಷೆಯ ಮೇಲೆಯೇ ಅಚ್ಚುಹಾಕಿಸಬೇಕೆಂದು ನಾವು ಕೇಳುತ್ತೇವೆ. ವೈಮಾನಿಕರಿಗೆ ಹೋಗುವ ಬೂದಿಸೂಚನೆಗಳಲ್ಲಿ ಎತ್ತರ ಈಗಲೂ ಇರುತ್ತದೆ. ನೆಲದ ಮೇಲೆ ಉಸಿರಾಡುವವರಿಗೂ ಅದು ದೊರೆಯಲಿ.