ಹಿಮನದಿಯ ಲೆಕ್ಕ: ವ್ಯತ್ಯಾಸವೇ ಎರಡೂವರೆ ಕೆಆರ್‌ಎಸ್!

ಬೆಂಗಳೂರು: ಇಲ್ಲಿನ ಇಸ್ರೊ ಕೇಂದ್ರದಲ್ಲಿ ಜೋಡಣೆಗೊಂಡು, 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಉಡಾವಣೆಯಾದ ಇಸ್ರೊ-ನಾಸಾ ಜಂಟಿ ಉಪಗ್ರಹ ‘ನಿಸಾರ್’, 12 ದಿನಗಳಿಗೊಮ್ಮೆ ಅದೇ ಕಕ್ಷಾಪಥಕ್ಕೆ ಮರಳುವಂತೆ ರೂಪಿತವಾಗಿದೆ. ಮೋಡವಾಗಲಿ, ಕತ್ತಲೆಯಾಗಲಿ ಅದರ ರಾಡಾರ್‌ಗೆ ಅಡ್ಡಿಯಲ್ಲ. ಹಿಮಾಲಯದ ಹಿಮನದಿಗಳು ಎಷ್ಟು ವೇಗವಾಗಿ ಸರಿಯುತ್ತಿವೆ ಎಂಬುದನ್ನು ಅರಿಯಲು ಇದು ದೊಡ್ಡ ನೆರವು. ಆದರೆ ಅವುಗಳಲ್ಲಿ ಉಳಿದಿರುವ ಹಿಮಗಡ್ಡೆ ಎಷ್ಟು ಎಂಬ ಪ್ರಶ್ನೆಗೆ ಉಪಗ್ರಹ ನೇರ ಉತ್ತರ ಕೊಡದು.

ಬಯಲುಸೀಮೆಯವರಿಗೆ ಈ ತೊಡಕು ಹೊಸದೇನಲ್ಲ. ಹಿರೇಹಳ್ಳಿ, ಗುಬ್ಬಿ, ಕುಣಿಗಲ್ ಕಡೆಯ ಕೆರೆಯೊಂದು ಕೋಡಿ ಬಿದ್ದಾಗ ಕಣ್ಣು ಹಾಯಿಸಿದಷ್ಟೂ ನೀರೇ. ಹೂಳೆಷ್ಟು ತುಂಬಿದೆ ಎಂದು ತಿಳಿಯದೆ ನೀರಿನ ನಿಜವಾದ ಲೆಕ್ಕ ಸಿಗುವುದಿಲ್ಲ. ಹಿಮನದಿಯದ್ದೂ ಅದೇ ಪಾಡು: ವಿಸ್ತಾರ ಕಾಣುತ್ತದೆ, ಆಳ ಕಾಣುವುದಿಲ್ಲ.

ವೇಗದಿಂದ ಆಳ

ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದ ವಿಜ್ಞಾನಿಗಳಾದ ಗಂಟಾಯತ್, ಅನಿಲ್ ಕುಲಕರ್ಣಿ ಹಾಗೂ ಜೆ. ಶ್ರೀನಿವಾಸನ್ 2014ರಲ್ಲಿ ಪ್ರಕಟಿಸಿದ ಗಂಗೋತ್ರಿ ಹಿಮನದಿಯ ಅಧ್ಯಯನ ಈ ಕೊರತೆ ನೀಗಲು ಒಂದು ದಾರಿ ತೋರಿತು. ಬೇರೆ ಬೇರೆ ಕಾಲದ ಉಪಗ್ರಹ ಚಿತ್ರಗಳನ್ನು ಹೋಲಿಸಿ, ಮೇಲ್ಮೈಯ ಗುರುತುಗಳು ಎಷ್ಟು ಮೀಟರ್ ಸರಿದಿವೆ ಎಂದು ಅಳೆಯುವುದು ಮೊದಲ ಹೆಜ್ಜೆ. ಹಿಮಗಡ್ಡೆ ಜಾರುವುದು ತನ್ನದೇ ಭಾರಕ್ಕೆ. ಆದ್ದರಿಂದ ವೇಗ ಮತ್ತು ಇಳಿಜಾರು ತಿಳಿದರೆ ದಪ್ಪವನ್ನು ಗಣಿಸಬಹುದು. ಗಂಗೋತ್ರಿಯ ಮೇಲ್ಭಾಗದಲ್ಲಿ ಸುಮಾರು 540 ಮೀಟರ್, ಮೂತಿಯ ಬಳಿ 50ರಿಂದ 60 ಮೀಟರ್ ದಪ್ಪವೆಂಬುದು ಅವರ ಅಂದಾಜು. ಒಟ್ಟು ಹಿಮಗಡ್ಡೆ 23.2 ಘನ ಕಿ.ಮೀ.; ಅದರಲ್ಲಿ 4.2 ಘನ ಕಿ.ಮೀ. ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು.

ಈ ‘ಹೆಚ್ಚು-ಕಡಿಮೆ’ಯನ್ನು ಕನ್ನಡಿಗರಿಗೆ ಪರಿಚಿತವಾದ ಟಿಎಂಸಿಗೆ ಪರಿವರ್ತಿಸಿದರೆ ಸುಮಾರು 130 ಟಿಎಂಸಿ ಅಡಿ ನೀರು. ಕೃಷ್ಣರಾಜಸಾಗರದ ಸಾಮರ್ಥ್ಯ 49 ಟಿಎಂಸಿ. ಅಂದರೆ ಒಂದೇ ಹಿಮನದಿಯ ಲೆಕ್ಕದಲ್ಲಿನ ವ್ಯತ್ಯಾಸವೇ ಎರಡೂವರೆ ಕೆಆರ್‌ಎಸ್‌ಗೂ ಮಿಗಿಲು! ಇದು ವಿಜ್ಞಾನಿಗಳ ದೋಷವಲ್ಲ. ಪ್ರಾಮಾಣಿಕವಾಗಿ ಹೇಳಿದ ಮಿತಿ. ಕಾವೇರಿಯ ಒಂದೆರಡು ಟಿಎಂಸಿಗೆ ನ್ಯಾಯಾಲಯದ ಮೆಟ್ಟಿಲೇರುವ ದೇಶದಲ್ಲಿ ಇಂಥ ಮಿತಿ ಚರ್ಚೆಯಾಗದಿರುವುದು ಸೋಜಿಗ.

ಅಳತೆ ಸಡಿಲವಾದೆಡೆ ಊಹೆ ನುಸುಳುತ್ತದೆ. 2035ರ ವೇಳೆಗೆ ಹಿಮಾಲಯದ ಹಿಮನದಿಗಳು ಇಲ್ಲವಾಗಬಹುದೆಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2007ರ ವರದಿಯಲ್ಲಿ ಹೇಳಿ, 2010ರಲ್ಲಿ ತಪ್ಪೊಪ್ಪಿಕೊಂಡಿತ್ತು. ಹಿಮನದಿಗಳಿಗೆ ಅಪಾಯವೇ ಇಲ್ಲ ಎನ್ನುವವರಿಗೆ ಅದೇ ಅಸ್ತ್ರವಾಯಿತು.

ನೆಲದ ಕೆಲಸ

ದಪ್ಪದ ನಕ್ಷೆ ನೀರಿನ ಲೆಕ್ಕಕ್ಕಷ್ಟೇ ಅಲ್ಲ. ಹಿಮದಡಿಯ ತಗ್ಗುಗಳೆಲ್ಲಿವೆ, ಕರಗಿದ ಮೇಲೆ ಸರೋವರ ಎಲ್ಲಿ ಮೂಡಬಹುದು ಎಂಬ ಸುಳಿವೂ ಅದರಿಂದ ಸಿಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನ ದಕ್ಷಿಣ ಲ್ಹೋನಾಕ್ ಹಿಮಸರೋವರ ಉಕ್ಕಿ ಹರಿದು, ಚುಂಗ್‌ತಾಂಗ್‌ನ ತೀಸ್ತಾ-3 ಅಣೆಕಟ್ಟೆಯನ್ನೇ ಕೊಚ್ಚಿಕೊಂಡು ಹೋದುದನ್ನು ನೆನೆದರೆ ಇದರ ಮಹತ್ವ ಅರ್ಥವಾದೀತು.

ಗಣಿತದ ಅಂದಾಜನ್ನು ಒರೆಗೆ ಹಚ್ಚಲು ಹಿಮನದಿಯ ಮೇಲೆಯೇ ರಾಡಾರ್ ಹೊತ್ತು ನಡೆಯಬೇಕು, ಕಂಬ ನೆಟ್ಟು ವರ್ಷವರ್ಷವೂ ಕರಗಿದ್ದನ್ನು ಅಳೆಯಬೇಕು. ಹಿಮಾಚಲದ ಛೋಟಾ ಶಿಗ್ರಿಯಲ್ಲಿ 2002ರಿಂದ ಆರಂಭವಾದಂಥ ದೀರ್ಘಕಾಲದ ಅಳತೆ ಬೆರಳೆಣಿಕೆಯ ಕಡೆಗಳಲ್ಲಿ ಮಾತ್ರ ನಡೆದಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಪಟ್ಟಿಯಲ್ಲಿರುವ ಹಿಮನದಿಗಳ ಸಂಖ್ಯೆ 9,575.