ಪಾದಯಾತ್ರೆಗೆ ಎಂಥ ತಾಟು?

ಯುಗಾದಿ ಸಮೀಪಿಸಿತೆಂದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಎರೆಭೂಮಿಯ ಊರುಗಳಲ್ಲಿ ಶ್ರೀಶೈಲ ಮಲ್ಲಯ್ಯನ ದರ್ಶನಕ್ಕೆ ನಡೆದು ಹೋಗುವವರ ಸಿದ್ಧತೆ ಮನೆಮನೆಗಳಲ್ಲಿ ಆರಂಭವಾಗುತ್ತದೆ. ಖಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗಳ ಬುತ್ತಿಯ ವಿಷಯದಲ್ಲಿ ನಮ್ಮ ತಾಯಂದಿರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಆದರೆ ಉಣ್ಣುವ ತಾಟು, ಕುಡಿಯುವ ಲೋಟಗಳ ಬಗೆಗೆ ಮಾತ್ರ 'ದಾರಿಯಲ್ಲಿ ದಾಸೋಹದವರು ಕೊಡುತ್ತಾರೆ, ಬಿಡು' ಎಂಬ ಉಪೇಕ್ಷೆ ಬೆಳೆದುಬಂದಿದೆ. ಈ ತಿಂಗಳು ಅದನ್ನೇ ವಿಚಾರಿಸೋಣ.

ಚಕ್ಕಡಿ ಕಟ್ಟಿಕೊಂಡು ಹೋಗುವವರಿಗೆ ಈ ಚಿಂತೆಯಿಲ್ಲ. ಭಾರತ ಹುಣ್ಣಿಮೆಯ ಹೊತ್ತಿಗೆ ಹಳಿಯಾಳ, ದಾಂಡೇಲಿಯ ಮಾರ್ಗವಾಗಿ ಉಳವಿ ಚೆನ್ನಬಸವಣ್ಣನ ಜಾತ್ರೆಗೆ ಸಾಗುವ ಚಕ್ಕಡಿಗಳಲ್ಲಿ ಹಿತ್ತಾಳೆಯ ಕೊಡವೂ ಹಿಡಿಯುತ್ತದೆ, ದೊಡ್ಡ ಪರಾತವೂ ಹಿಡಿಯುತ್ತದೆ. ಹೊರುವವು ಎತ್ತುಗಳು. ಹೆಗಲ ಮೇಲೆ ಚೀಲ ಹೊತ್ತು ದಿನಗಟ್ಟಲೆ ನಡೆಯುವವನಿಗೆ ಮಾತ್ರ ಪ್ರತಿಯೊಂದು ತೊಲದ ಲೆಕ್ಕವೂ ಬೇಕಾಗುತ್ತದೆ.

ಹಗುರವೆಂದೊಡನೆ ಹಲವರು ಜರ್ಮನ್ ಪಾತ್ರೆಯನ್ನು, ಎಂದರೆ ಅಲ್ಯೂಮಿನಿಯಮ್ಮನ್ನು, ಕೈಗೆತ್ತಿಕೊಳ್ಳುತ್ತಾರೆ. ಗಾತ್ರ ಸಮನಾಗಿದ್ದರೆ ಸ್ಟೀಲು ಅದರ ಸುಮಾರು ಮೂರು ಪಟ್ಟು ಭಾರವೆಂಬುದು ನಿಜ. ಆದರೆ ಸ್ಟೀಲು ಗಟ್ಟಿಯಾದ ಲೋಹವಾದ್ದರಿಂದ ತೆಳುವಾದ ತಗಡೇ ಸಾಕು. 24 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ಅಂಚಿನ ಒಂದು ಗಂಗಾಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿರಿ. ಅರ್ಧ ಮಿಲಿಮೀಟರ್ ದಪ್ಪದ ಸ್ಟೀಲಿನಲ್ಲಿ ಅದು ಸುಮಾರು 300 ಗ್ರಾಂ ತೂಗುತ್ತದೆ. ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಮ್ಮಿನಲ್ಲಿ ಸುಮಾರು 200 ಗ್ರಾಂ. ಉಳಿಯುವುದು ನೂರು ಗ್ರಾಂ, ಅಂದರೆ ಅರ್ಧ ಲೋಟ ನೀರಿನ ಭಾರ. ಇಷ್ಟಕ್ಕಾಗಿ ಏನೇನು ಕಳೆದುಕೊಳ್ಳುತ್ತೇವೆ ನೋಡಿರಿ. ಹುಣಸೆಹಣ್ಣಿನ ಸಾರು, ಮಜ್ಜಿಗೆ, ಉಪ್ಪಿನಕಾಯಿಗಳ ಹುಳಿಗೆ ಅಲ್ಯೂಮಿನಿಯಮ್ ಕರಗುತ್ತದೆ. ದಾರಿಯಲ್ಲಿ ನಾವು ಪಾತ್ರೆ ತಿಕ್ಕುವುದು ಒಲೆಯ ಬೂದಿಯಿಂದ. ಬೂದಿಯ ಕ್ಷಾರವೂ ಅದನ್ನು ತಿನ್ನುತ್ತದೆ. ಬಿಸಿ ಚಹಾ ಹಾಕಿದರೆ ಲೋಟದ ಅಂಚು ತಕ್ಷಣ ತುಟಿ ಸುಡುತ್ತದೆ, ಏಕೆಂದರೆ ಅದು ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ವೇಗದಿಂದ ಶಾಖವನ್ನು ಒಯ್ಯುತ್ತದೆ. ಹಿತ್ತಾಳೆಗೆ ಕಲಾಯಿ ಬೇಕು, ಭಾರವೂ ಹೆಚ್ಚು. ಪರ್ವತಾರೋಹಿಗಳು ಬಳಸುವ ಟೈಟೇನಿಯಮ್ ಎಂಬ ಲೋಹ ಹಗುರವೂ ಹೌದು, ಗಟ್ಟಿಯೂ ಹೌದು. ಅದರ ಬೆಲೆ ಕೇಳಿದರೆ ನಮ್ಮ ರೈತಬಂಧುಗಳು ಅಂಗಡಿಯಿಂದಲೇ ಮಲ್ಲಯ್ಯನಿಗೆ ಕೈಮುಗಿದು ಹಿಂದಿರುಗಿಯಾರು!

ಆದುದರಿಂದ ತೆಳುವಾದ ಸ್ಟೀಲೇ ಸಾಕು ಎಂಬುದು ನಮ್ಮ ಅಭಿಪ್ರಾಯ. ಆದರೆ ಲೋಹಕ್ಕಿಂತಲೂ ಮುಖ್ಯವಾದುದು ತಾಟಿನ ಅಂಚು. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಪ್ರಸಾದವನ್ನು ಕಣವೂ ಉಳಿಯದಂತೆ ಸ್ವೀಕರಿಸಿ, ತಾಟಿಗೆ ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿಯುವುದು ನಮ್ಮ ಹಿರಿಯರಿಂದ ಬಂದ ನಡೆ. ಮಠಗಳ ಪಂಕ್ತಿಯಲ್ಲಿ ಇಂದಿಗೂ ಇದನ್ನು ಕಾಣುತ್ತೇವೆ. ಅಂಚಿಲ್ಲದ ಚಪ್ಪಟೆ ತಾಟಿನಲ್ಲಿ ಇದು ಸಾಧ್ಯವೇ? ಎತ್ತಿ ಕುಡಿಯಹೋದರೆ ನೀರೆಲ್ಲ ಅಂಗಿಯ ಮೇಲೆ. ಅಂಚು ಎತ್ತರವಾಗಿರುವ ಗಂಗಾಳವೊಂದಿದ್ದರೆ ರೊಟ್ಟಿಯನ್ನು ಮುರಿದು ಸಾರಿನಲ್ಲಿ ನೆನೆಸಲೂ ಬಂತು, ಮಜ್ಜಿಗೆ ಅನ್ನಕ್ಕೂ ಬಂತು. ಬೇರೆ ಬಟ್ಟಲಿನ ಭಾರವೇ ಇಲ್ಲ. ಜಪಾನಿನ ಝೆನ್ ಬೌದ್ಧ ಸನ್ಯಾಸಿಗಳಲ್ಲಿಯೂ ಒಂದರೊಳಗೊಂದು ಕೂಡುವ ಬಟ್ಟಲುಗಳಲ್ಲಿ ಉಂಡು, ಬಿಸಿನೀರಿನಿಂದ ತೊಳೆದು, ಆ ನೀರನ್ನು ಕುಡಿಯುವ ಪದ್ಧತಿಯುಂಟು. ಅಷ್ಟು ದೂರದವರಿಗೂ ಇದೇ ತೋಚಿರುವುದು ಸಂತೋಷದ ಸಂಗತಿ.

ಈ ನಡೆಯ ಬೆಲೆ ಅಡವಿಯಲ್ಲಿ ಹೆಚ್ಚು ತಿಳಿಯುತ್ತದೆ. ಶ್ರೀಶೈಲದ ಕೊನೆಯ ಹಾದಿ ನಲ್ಲಮಲ ಅರಣ್ಯದೊಳಗಿನದು. ಅದು ಹುಲಿಗಳ ರಕ್ಷಿತ ಪ್ರದೇಶ. ಉಳವಿಯ ಸುತ್ತಲೂ ಕಾಳಿ ಹುಲಿ ಸಂರಕ್ಷಿತಾರಣ್ಯವಿದೆ. ತೊಳೆದ ನೀರನ್ನು ಕುಡಿದವನ ತಾಟಿನಿಂದ ಹಳ್ಳಕ್ಕೆ ಒಂದು ಅಗುಳೂ ಬೀಳುವುದಿಲ್ಲ. ಅನ್ನ ಮೆತ್ತಿದ ಪ್ಲಾಸ್ಟಿಕ್ ತಾಟನ್ನು ಎಸೆದರೆ ದನಗಳೂ ಜಿಂಕೆಗಳೂ ಅದನ್ನು ಅನ್ನದೊಡನೆಯೇ ನುಂಗುತ್ತವೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಾಟು, ಲೋಟಗಳನ್ನು ಕರ್ನಾಟಕ ಸರಕಾರ 2016ರಲ್ಲಿಯೇ ನಿಷೇಧಿಸಿತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷೇಧ ಬಂದಿದೆ. ಆದರೂ ದಾರಿಬದಿಯಲ್ಲಿ ಅವುಗಳ ರಾಶಿ ಕಾಣುತ್ತದೆ. ಕಾಗದದ ಲೋಟವಾದರೆ ದೋಷವಿಲ್ಲವೆಂದು ಕೆಲವರು ಭಾವಿಸುತ್ತಾರೆ. ಅದರ ಒಳಮೈಗೂ ಸಾಮಾನ್ಯವಾಗಿ ತೆಳುವಾದ ಪ್ಲಾಸ್ಟಿಕ್ ಲೇಪವಿರುತ್ತದೆ. ದಾಸೋಹ ನಡೆಸುವ ಸದ್ಭಕ್ತರಲ್ಲಿ ನಮ್ಮ ವಿನಂತಿಯಿಷ್ಟೆ: ತಾಟು ತಂದವರಿಗೆ ಅವರವರ ತಾಟಿನಲ್ಲಿಯೇ ನೀಡಿರಿ, ತಾರದವರಿಗೆ ಮುತ್ತುಗದ ಎಲೆಯ ಪತ್ರಾವಳಿ ಅಥವಾ ಅಡಿಕೆ ಹಾಳೆಯ ತಾಟು ಇರಲಿ.

ಲೋಟದ ವಿಷಯ ಹೆಚ್ಚಿನದಿಲ್ಲ. ಗಂಗಾಳದೊಳಗೆ ಕೂಡುವಂಥದು ಒಂದು ಸಾಕು. ಮಕ್ಕಳು ಜೊತೆಗಿದ್ದರೆ ಹಿಡಿಕೆಯಿರುವುದು ಲೇಸು. ಇಷ್ಟಲಿಂಗ ಪೂಜೆಯ ಚಿಕ್ಕ ಬಟ್ಟಲು ಮಾತ್ರ ಬೇರೆಯೇ ಇರತಕ್ಕದ್ದು. ಅದನ್ನು ವಿಭೂತಿ, ವಸ್ತ್ರಗಳೊಡನೆ ಪ್ರತ್ಯೇಕ ಚೀಲದಲ್ಲಿ ಇಟ್ಟುಕೊಳ್ಳಬೇಕು. ಕೊಳ್ಳುವಾಗ ಅಂಚನ್ನು ಬೆರಳಿನಿಂದ ಸವರಿ ನೋಡಿರಿ, ಮಡಚಿ ಸುತ್ತದ ಅಂಚು ತುಟಿಯನ್ನು ಕೊಯ್ಯುತ್ತದೆ. ಪಾತ್ರೆ ಅಂಗಡಿಯಲ್ಲಿಯೇ ಹೆಸರನ್ನೂ ಊರನ್ನೂ ಕೊರೆಯಿಸಿಕೊಳ್ಳಿರಿ. ನೂರಾರು ಜನರ ಪಂಕ್ತಿಯಲ್ಲಿ ಒಬ್ಬರ ಗಂಗಾಳ ಮತ್ತೊಬ್ಬರ ಚೀಲ ಸೇರುವುದು ಸಹಜ; ಹೆಸರಿದ್ದರೆ ಮುಂದಿನ ಬೀಡಿನಲ್ಲಾದರೂ ಅದು ತನ್ನವರನ್ನು ಸೇರೀತು.