ಪುಕ್ಕಲ ಎನಿಸಿಕೊಂಡವರ ಪಕ್ಕದಲ್ಲಿ ಯಾರಿದ್ದರು?

ಯಾರಾದರೂ ನಮ್ಮನ್ನು ಹೀಯಾಳಿಸಿದರೆ ಮನೆಯಲ್ಲೂ ಕಾಲೇಜಿನಲ್ಲೂ ಸಿಗುವ ಸಲಹೆ ಒಂದೇ: "ಕಿವಿಗೆ ಹಾಕಿಕೊಳ್ಳಬೇಡ. ಚೆನ್ನಾಗಿ ಓದಿ ತೋರಿಸು, ಆಗ ಅವರೇ ಬಾಯಿ ಮುಚ್ಚುತ್ತಾರೆ." ಈ ಮಾತಿನಲ್ಲಿ ಸತ್ಯ ಇದೆ. ಆದರೆ ಪೂರ್ತಿ ಸತ್ಯ ಇಲ್ಲ ಎಂಬುದು ನನ್ನ ಅಭಿಪ್ರಾಯ. ಅದನ್ನು ವಿವರಿಸಲು ನಮ್ಮಲ್ಲಿ ಹೆಚ್ಚಿನವರು ನೋಡಿಯೇ ಇರದ ಒಂದು ಆಟದ ಒಬ್ಬ ಆಟಗಾರನ ಬದುಕನ್ನು ನಿಮ್ಮ ಮುಂದೆ ಇಡುತ್ತೇನೆ. ಆಟ ಐಸ್ ಹಾಕಿ. ಆಟಗಾರ ಸ್ವೀಡನ್ ದೇಶದ ಬೋರ್ಯೆ ಸಾಲ್ಮಿಂಗ್.

ಹಾಕಿ ಎಂದರೆ ನಮಗೆ ನೆನಪಾಗುವುದು ಕೊಡಗು ಮತ್ತು ಹುಲ್ಲಿನ ಮೈದಾನ. ಐಸ್ ಹಾಕಿಯಲ್ಲಿ ಮೈದಾನವೇ ಮಂಜುಗಡ್ಡೆ. ನಮ್ಮ ದೇಶದಲ್ಲಿ ಲಡಾಖ್‌ನವರು ಚಳಿಗಾಲದಲ್ಲಿ ಈ ಆಟ ಆಡುತ್ತಾರೆ. ಕಾಲಿಗೆ ಹರಿತವಾದ ಸ್ಕೇಟ್ ಕಟ್ಟಿಕೊಂಡು, ಚೆಂಡಿನ ಬದಲು ರಬ್ಬರಿನ ಗಟ್ಟಿ ಬಿಲ್ಲೆಯನ್ನು ಕೋಲಿನಿಂದ ಹೊಡೆಯಬೇಕು. ಅದಕ್ಕೆ ಪಕ್ ಎಂದು ಹೆಸರು. ಒಂದು ತಂಡದಿಂದ ಒಮ್ಮೆಗೆ ಆರು ಜನ ಇಳಿಯುತ್ತಾರೆ: ಒಬ್ಬ ಗೋಲ್‌ಕೀಪರ್, ಮೂವರು ಫಾರ್ವರ್ಡ್‌ಗಳು, ಇಬ್ಬರು ಡಿಫೆನ್ಸ್‌ಮನ್‌ಗಳು. ಅಂಗಳದ ಸುತ್ತ ಗೋಡೆ ಇರುತ್ತದೆ. ಎದುರಾಳಿಯನ್ನು ಮೈಯಿಂದ ಗುದ್ದಿ ಗೋಡೆಗೆ ಒತ್ತುವುದಕ್ಕೆ ಆಟದ ನಿಯಮವೇ ಅವಕಾಶ ಕೊಡುತ್ತದೆ. ಮೂಲೆಯಲ್ಲಿ ಸಿಕ್ಕಿಕೊಂಡ ಪಕ್ಕನ್ನು ಬಿಡಿಸಿ ತರುವುದು ಅತ್ಯಂತ ನೋವಿನ ಕೆಲಸ. ಡಿಫೆನ್ಸ್‌ಮನ್ ದಿನವೂ ಮಾಡಬೇಕಾದ ಕೆಲಸ ಅದು. ಜೊತೆಗೆ, ಎದುರಾಳಿ ಹೊಡೆದ ಪಕ್ ಗೋಲಿನ ಕಡೆ ಹಾರಿ ಬರುವಾಗ ತನ್ನ ಮೈಯನ್ನೇ ಅಡ್ಡ ಹಾಕಿ ತಡೆಯಬೇಕು.

ಸಾಲ್ಮಿಂಗ್ ಹುಟ್ಟಿದ್ದು 1951ರಲ್ಲಿ, ಸ್ವೀಡನ್ನಿನ ಉತ್ತರ ತುದಿಯಲ್ಲಿರುವ ಕಿರುನಾ ಪ್ರದೇಶದಲ್ಲಿ. ಅದು ಕಬ್ಬಿಣದ ಗಣಿಯ ಊರು. ತಂದೆ ಸಾಮಿ ಎಂಬ ಮೂಲನಿವಾಸಿ ಜನಾಂಗದವರು, ಗಣಿ ಕಾರ್ಮಿಕರು. ಬಾಲಕನಿಗೆ ಐದು ವರ್ಷವಾಗಿದ್ದಾಗ ತಂದೆ ಗಣಿ ಅಪಘಾತದಲ್ಲಿ ತೀರಿಕೊಂಡರು. ಅಣ್ಣ ಸ್ಟಿಗ್ ಕೂಡ ಹಾಕಿ ಆಟಗಾರ. ತಮ್ಮನೂ ಅದೇ ದಾರಿ ಹಿಡಿದು ಬ್ರಿನೇಸ್ ಎಂಬ ಕ್ಲಬ್ ಸೇರಿದರು. 1971 ಮತ್ತು 1972ರಲ್ಲಿ ಆ ಕ್ಲಬ್ ಸ್ವೀಡನ್ನಿನ ಚಾಂಪಿಯನ್ ಆಯಿತು.

ಕೆನಡಾದ ಟೊರೊಂಟೊ ಮೇಪಲ್ ಲೀಫ್ಸ್ ತಂಡದ ಪ್ರತಿನಿಧಿಯೊಬ್ಬರು ಸ್ವೀಡನ್ನಿಗೆ ಬಂದದ್ದು ಬೇರೊಬ್ಬ ಆಟಗಾರನನ್ನು ನೋಡಲು. ಆದರೆ ಅವರ ಕಣ್ಣು ಬಿದ್ದದ್ದು ಇಬ್ಬರ ಮೇಲೆ: ವೇಗವಾಗಿ ಸ್ಕೇಟ್ ಮಾಡುವ ಫಾರ್ವರ್ಡ್ ಇಂಗೆ ಹಮ್ಮರ್‌ಸ್ಟ್ರೋಮ್, ಮತ್ತು ರೆಫರಿಯೊಡನೆ ಜಗಳಕ್ಕಿಳಿದು ಅಂಗಳದಿಂದ ಹೊರಹಾಕಿಸಿಕೊಂಡ ಡಿಫೆನ್ಸ್‌ಮನ್ ಸಾಲ್ಮಿಂಗ್. 1973ರಲ್ಲಿ ಇಬ್ಬರೂ ಒಟ್ಟಿಗೆ ಟೊರೊಂಟೊ ಸೇರಿದರು.

ಆಗ ಉತ್ತರ ಅಮೆರಿಕದ ದೊಡ್ಡ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಯುರೋಪಿನವರು ಬೆರಳೆಣಿಕೆಯಷ್ಟೂ ಇರಲಿಲ್ಲ ಎನ್ನಬಹುದು. ಸಾಲ್ಮಿಂಗ್‌ಗಿಂತ ಮೊದಲು ಒಬ್ಬಿಬ್ಬರು ಸ್ವೀಡಿಗರು ಬಂದಿದ್ದರು, ಆದರೆ ಬಹುಕಾಲ ನೆಲೆಯೂರಿದವರು ಇರಲಿಲ್ಲ. ಯುರೋಪಿನವರು ಚೆನ್ನಾಗಿ ಸ್ಕೇಟ್ ಮಾಡುತ್ತಾರೆ, ಪೆಟ್ಟು ಬಿದ್ದರೆ ಓಡುತ್ತಾರೆ ಎಂಬ ನಂಬಿಕೆ ಅಲ್ಲಿ ಗಟ್ಟಿಯಾಗಿತ್ತು. ಆ ಲೀಗ್‌ನಲ್ಲಿ ಮುಷ್ಟಿ ಬಿಗಿದು ಹೊಡೆದಾಡಿದರೂ ಸಾಮಾನ್ಯವಾಗಿ ಐದು ನಿಮಿಷ ಹೊರಗೆ ಕೂರಬೇಕಿತ್ತು, ಅಷ್ಟೇ. ಎರಡನೇ ಪಂದ್ಯ ಫಿಲಡೆಲ್ಫಿಯಾ ಫ್ಲೈಯರ್ಸ್ ವಿರುದ್ಧ. ಹೊಡೆದಾಟಕ್ಕೇ ಹೆಸರಾದ ತಂಡ ಅದು. ಆ ದಿನಗಳಲ್ಲಿ ಈ ಇಬ್ಬರು ಕೇಳಬೇಕಾಗಿದ್ದ ಮಾತು 'ಚಿಕನ್ ಸ್ವೀಡ್'. ಅಂದರೆ ಪುಕ್ಕಲು ಸ್ವೀಡಿಗ. ಕೋಲಿನ ಏಟು, ಮೊಣಕೈ ತಿವಿತ, ಗುದ್ದು ಎಲ್ಲವೂ ಆ ಮಾತಿನ ಜೊತೆ ಬಂದವು.

ಸಾಲ್ಮಿಂಗ್ ಹೆದರಲಿಲ್ಲ. ಮತ್ತೆ ಮತ್ತೆ ಅದೇ ಮೂಲೆಗೆ ಹೋದರು, ಅದೇ ಪಕ್ ಮುಂದೆ ಮಲಗಿದರು, ಹೊಡೆಯಲು ಬಂದವರಿಗೆ ತಿರುಗಿಯೂ ನಿಂತರು. ಇಲ್ಲಿಗೆ ನಿಲ್ಲಿಸಿದರೆ ಕಥೆ ನಮ್ಮ ಹಳೆಯ ಸಲಹೆಗೆ ಸರಿಯಾಗಿ ಹೊಂದುತ್ತದೆ: ಸಹಿಸಿದರು, ಸಾಧಿಸಿದರು, ಎದುರಿನವರು ಬಾಯಿ ಮುಚ್ಚಿದರು. ಇಂಟರ್‌ನೆಟ್ಟಿನಲ್ಲಿ ಹರಿದಾಡುವ ಸ್ಫೂರ್ತಿಯ ವಿಡಿಯೊಗಳು ಇಂಥ ಕಥೆಗಳನ್ನು ಇಲ್ಲಿಗೇ ಮುಗಿಸುತ್ತವೆ. ನನಗೆ ಮುಖ್ಯ ಅನಿಸಿದ್ದು ಅದರಾಚೆಗಿನ ಎರಡು ಸಂಗತಿಗಳು.

ಮೊದಲನೆಯದು ಹಮ್ಮರ್‌ಸ್ಟ್ರೋಮ್. ಅದೇ ವರ್ಷ, ಅದೇ ತಂಡಕ್ಕೆ ಬಂದವರು. ಅದೇ ಬೈಗುಳ ಕೇಳಿದವರು. ಮೊದಲ ವರ್ಷವೇ 20 ಗೋಲು ಹೊಡೆದರು. ಹೊಡೆದಾಟ ಅವರ ಸ್ವಭಾವ ಆಗಿರಲಿಲ್ಲ. ತಂಡದ ಮಾಲೀಕ ಹೆರಾಲ್ಡ್ ಬ್ಯಾಲಾರ್ಡ್ ಅವರೇ ಇವರನ್ನು ಸಾರ್ವಜನಿಕವಾಗಿ ಗೇಲಿ ಮಾಡಿದರು. ಜೇಬಿನಲ್ಲಿ ಅರ್ಧ ಡಜನ್ ಮೊಟ್ಟೆ ಇಟ್ಟುಕೊಂಡು ಈತ ಮೂಲೆಗೆ ಹೋಗಿ ಬಂದರೂ ಒಂದೂ ಒಡೆಯುವುದಿಲ್ಲ ಎಂಬುದು ಆ ಗೇಲಿಯ ತಾತ್ಪರ್ಯ. 1977ರಲ್ಲಿ ಹಮ್ಮರ್‌ಸ್ಟ್ರೋಮ್ ಅವರನ್ನು ಬೇರೆ ತಂಡಕ್ಕೆ ಕಳುಹಿಸಿದರು. ಎಷ್ಟೋ ವರ್ಷಗಳ ಮೇಲೆ ಫಿಲಡೆಲ್ಫಿಯಾ ಫ್ಲೈಯರ್ಸ್ ತಂಡವೇ ಹೊಸ ಆಟಗಾರರನ್ನು ಗುರುತಿಸುವ ಕೆಲಸಕ್ಕೆ ಅವರನ್ನು ಇಟ್ಟುಕೊಂಡಿತು. ಅವರ ಹಾಕಿ ಜ್ಞಾನದಲ್ಲಿ ಯಾವ ಕೊರತೆಯೂ ಇರಲಿಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

'ಸಾಧಿಸಿ ತೋರಿಸು' ಎಂಬ ಸಲಹೆ ಸಾಲ್ಮಿಂಗ್‌ಗೆ ಒಗ್ಗಿತು, ಹಮ್ಮರ್‌ಸ್ಟ್ರೋಮ್‌ಗೆ ಒಗ್ಗಲಿಲ್ಲ. ಹಾಗಾದರೆ ತಪ್ಪು ಹಮ್ಮರ್‌ಸ್ಟ್ರೋಮ್ ಅವರದೇ? ಅವಮಾನ ಮಾಡಿದವರು ಯಾವ ಪರೀಕ್ಷೆಯನ್ನೂ ಬರೆಯಬೇಕಿಲ್ಲ, ಅವಮಾನ ಪಟ್ಟವರು ಮಾತ್ರ ಪಾಸಾಗಬೇಕು ಎಂಬ ವ್ಯವಸ್ಥೆ ನ್ಯಾಯವಲ್ಲ.

ಎರಡನೆಯದು, ಸಾಲ್ಮಿಂಗ್ ಒಬ್ಬರೇ ಗೆಲ್ಲಲಿಲ್ಲ. 1976ರ ಏಪ್ರಿಲ್‌ನಲ್ಲಿ ಪ್ಲೇಆಫ್ ಸುತ್ತಿನಲ್ಲಿ ಮತ್ತೆ ಫ್ಲೈಯರ್ಸ್ ಎದುರಾದರು. ಟೊರೊಂಟೊದಲ್ಲಿ ನಡೆದ ಪಂದ್ಯದಲ್ಲಿ ಮೆಲ್ ಬ್ರಿಡ್ಜ್‌ಮನ್ ಎಂಬ ಆಟಗಾರ ಸಾಲ್ಮಿಂಗ್ ಅವರನ್ನು ಹಿಡಿದು ಮುಖಕ್ಕೆ ಗುದ್ದಿದರು. ಒಂಟಾರಿಯೊ ಪ್ರಾಂತ್ಯದ ಅಟಾರ್ನಿ ಜನರಲ್ ರಾಯ್ ಮೆಕ್‌ಮರ್ಟ್ರಿ 'ಆಟದಲ್ಲಿ ಇದೆಲ್ಲ ಇದ್ದದ್ದೇ' ಎಂದು ಬಿಡಲಿಲ್ಲ. ಆ ಪಂದ್ಯದಲ್ಲಿ ನಡೆದ ಹಿಂಸೆಗೆ ಬ್ರಿಡ್ಜ್‌ಮನ್ ಸೇರಿದಂತೆ ಫ್ಲೈಯರ್ಸ್ ಆಟಗಾರರ ಮೇಲೆ ಮೊಕದ್ದಮೆ ಹೂಡಿಸಿದರು. ಮುಂದಿನ ಪಂದ್ಯದಲ್ಲಿ ಸಾಲ್ಮಿಂಗ್ ಒಬ್ಬರೇ ಮುನ್ನುಗ್ಗಿ ಗೋಲು ಹೊಡೆದಾಗ ಇಡೀ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೆನಡಾ ಕಪ್ ಪಂದ್ಯಾವಳಿ ನಡೆಯಿತು. ಸಾಲ್ಮಿಂಗ್ ಸ್ವೀಡನ್ ಪರ ಆಡಲು ಟೊರೊಂಟೊದ ಅಂಗಳಕ್ಕೆ ಬಂದರು. ಈ ಸಲ ಅವರು ಪರದೇಶದ ಆಟಗಾರ, ಎದುರಾಳಿ. ಆದರೂ ಪರಿಚಯದಲ್ಲಿ ಅವರ ಹೆಸರು ಕೇಳುತ್ತಲೇ ಕೆನಡಾದ ಪ್ರೇಕ್ಷಕರು ಎದ್ದು ನಿಂತು ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಮೂರು ವರ್ಷಗಳ ಕೆಳಗೆ ಬಂದಾಗ ಅವರು ಬೇರೆ ನಾಡಿನವರು, ಬೇರೆ ಭಾಷೆಯವರು. ಈಗ ಆ ಊರು ಅವರನ್ನು ತನ್ನವರೆಂದು ಒಪ್ಪಿಕೊಂಡಿತ್ತು.

ಸಾಲ್ಮಿಂಗ್ 16 ಸೀಸನ್ ಟೊರೊಂಟೊ ಪರ ಆಡಿದರು. ಅಷ್ಟು ವರ್ಷಗಳಲ್ಲಿ ತಂಡ ಒಮ್ಮೆಯೂ ಸ್ಟಾನ್ಲಿ ಕಪ್ ಗೆಲ್ಲಲಿಲ್ಲ. 1,099 ಪಂದ್ಯಗಳಲ್ಲಿ ಅವರು ಹೊಡೆದ ಗೋಲು 148. ಆದರೆ ಅವರ ನೆರವಿನಿಂದ ಸಂಗಾತಿಗಳು ಹೊಡೆದ ಗೋಲುಗಳು 620. ಇಂಥ ನೆರವಿಗೆ ಅಸಿಸ್ಟ್ ಎನ್ನುತ್ತಾರೆ. ಆ ತಂಡದ ಇತಿಹಾಸದಲ್ಲಿ ಅತಿ ಹೆಚ್ಚು ಅಸಿಸ್ಟ್‌ಗಳ ದಾಖಲೆ ಅದು. ಒಬ್ಬ ಡಿಫೆನ್ಸ್‌ಮನ್ ಬದುಕನ್ನು ಒಂದೇ ಸಂಖ್ಯೆಯಲ್ಲಿ ಹೇಳಬೇಕಾದರೆ ನಾನು ಆ 620 ಅನ್ನೇ ಆರಿಸುತ್ತೇನೆ.

ಅವರನ್ನು ದೋಷವೇ ಇಲ್ಲದ ವ್ಯಕ್ತಿ ಎಂದು ನಾನು ಹೇಳುತ್ತಿಲ್ಲ. ಮಾದಕ ವಸ್ತು ಬಳಸಿದ್ದನ್ನು ಒಪ್ಪಿಕೊಂಡದ್ದಕ್ಕೆ 1986ರಲ್ಲಿ ಲೀಗ್ ಅವರನ್ನು 8 ಪಂದ್ಯಗಳಿಗೆ ಹೊರಗಿಟ್ಟಿತು. ಅದೇ ವರ್ಷ ನವೆಂಬರ್‌ನಲ್ಲಿ ಬಿದ್ದಿದ್ದಾಗ ಎದುರಾಳಿಯ ಸ್ಕೇಟ್ ಅಲಗು ಆಕಸ್ಮಿಕವಾಗಿ ಮುಖವನ್ನು ಸೀಳಿ, 200ಕ್ಕೂ ಹೆಚ್ಚು ಹೊಲಿಗೆ ಬಿದ್ದವು. ಗುಣವಾದ ಮೇಲೆ ಮತ್ತೆ ಆಡಿದರು. ಡೆಟ್ರಾಯಿಟ್‌ನಲ್ಲಿ ಒಂದು ಸೀಸನ್ ಆಡಿ 1990ರಲ್ಲಿ ಸ್ವೀಡನ್ನಿಗೆ ಮರಳಿದರು. 1996ರಲ್ಲಿ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿದರು. 2016ರಲ್ಲಿ ಟೊರೊಂಟೊ ತಂಡ ಅವರ 21ನೇ ನಂಬರಿನ ಜೆರ್ಸಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲ ಎಂದು ಗೌರವಿಸಿತು. ಈಗ ಎನ್‌ಎಚ್‌ಎಲ್ ಆಟಗಾರರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನ ಯುರೋಪಿನವರು. ಆ ಬಾಗಿಲನ್ನು ದೂಡಿ ತೆರೆದವರಲ್ಲಿ ಸಾಲ್ಮಿಂಗ್ ಮುಖ್ಯರು.

2022ರಲ್ಲಿ ಅವರಿಗೆ ಎಎಲ್‌ಎಸ್ ಕಾಯಿಲೆ ಇರುವುದು ತಿಳಿಯಿತು. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗಿದ್ದದ್ದೂ ಇದೇ ಕಾಯಿಲೆ. ನರಕೋಶಗಳು ಸಾಯುತ್ತ ಹೋಗಿ ಸ್ನಾಯುಗಳು ಮಾತು ಕೇಳದಂತಾಗುತ್ತವೆ. ಆ ನವೆಂಬರ್‌ನಲ್ಲಿ ಅವರನ್ನು ಟೊರೊಂಟೊಗೆ ಕರೆತಂದರು. ಮಾತು ನಿಂತುಹೋಗಿತ್ತು, ಕೈ ಮೇಲೆತ್ತುವ ಶಕ್ತಿ ಇರಲಿಲ್ಲ. ಹಳೆಯ ಸಹ ಆಟಗಾರ ಡ್ಯಾರಿಲ್ ಸಿಟ್ಲರ್ ಪಕ್ಕದಲ್ಲಿ ನಿಂತು, ಅಳುತ್ತಲೇ, ಗೆಳೆಯನ ತೋಳನ್ನು ತಾವೇ ಎತ್ತಿ ಹಿಡಿದರು. ಎರಡು ದಿನಗಳ ಆ ಕಾರ್ಯಕ್ರಮದಲ್ಲಿ, ನವೆಂಬರ್ 12ರ ಪಂದ್ಯಕ್ಕೆ ಟೊರೊಂಟೊ ತಂಡ ಮೊದಲಿಗೆ ಅಂಗಳಕ್ಕಿಳಿಸಿದ ಆರೂ ಜನ ಸ್ವೀಡಿಗರೇ. ನವೆಂಬರ್ 24ರಂದು ಸಾಲ್ಮಿಂಗ್ ತೀರಿಕೊಂಡರು. ವಯಸ್ಸು 71.

ಈಗ ನಮ್ಮ ಕಾಲೇಜಿನ ವಿಷಯ. ನಮ್ಮಲ್ಲಿ ಉರ್ದು, ಬ್ಯಾರಿ, ಕನ್ನಡ, ತುಳು, ಮಲಯಾಳ ಹೀಗೆ ಹಲವು ಮನೆಮಾತಿನವರಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ನೇರ ಇಂಗ್ಲಿಷ್ ಮಾಧ್ಯಮದ ವಿಜ್ಞಾನ ವಿಭಾಗಕ್ಕೆ ಬಂದವರಿದ್ದಾರೆ. ವೈವಾದಲ್ಲಿ ಇಂಗ್ಲಿಷ್ ಉಚ್ಚಾರ ತಪ್ಪಿದರೆ ಹಿಂದಿನ ಬೆಂಚಿನಿಂದ ನಗು ಕೇಳುತ್ತದೆ. ಉರ್ದು ಮನೆಮಾತಿನವರು ಕನ್ನಡದಲ್ಲಿ 'ಅವನು', 'ಅದು' ತಪ್ಪಿಸಿದರೆ ಆ ವಾಕ್ಯವನ್ನು ಅಣಕಿಸುತ್ತ ವಾರಗಟ್ಟಲೆ ಓಡಾಡುತ್ತಾರೆ. ಕೇಳಿದರೆ "ತಮಾಷೆಗೆ ಕಣೋ" ಎನ್ನುತ್ತಾರೆ. ಆ ತಮಾಷೆ ಕೇಳಿದವರು ಆಮೇಲೆ ಕೈ ಎತ್ತಿ ಪ್ರಶ್ನೆ ಕೇಳುವುದನ್ನೇ ಬಿಡುತ್ತಾರೆ. ಅರ್ಥವಾಗದ ಪಾಠ ಅರ್ಥವಾಗದೆಯೇ ಉಳಿಯುತ್ತದೆ. ಅಂಕ ಕಡಿಮೆ ಬಂದಾಗ 'ಅವನಿಗೆ ವಿಜ್ಞಾನ ಒಗ್ಗಲಿಲ್ಲ' ಎಂದು ನಾವೇ ತೀರ್ಪು ಕೊಡುತ್ತೇವೆ.

ಹೀಗೆ ಜೊತೆ ನಿಂತರೆ ಅವರು ಮೆತ್ತಗಾಗುವುದಿಲ್ಲವೇ, ಮುಂದೆ ಹೊರಜಗತ್ತನ್ನು ಹೇಗೆ ಎದುರಿಸುತ್ತಾರೆ ಎಂದು ಕೆಲವರು ಕೇಳಬಹುದು. ಸಾಲ್ಮಿಂಗ್ ಮೆತ್ತಗಾಗಲಿಲ್ಲ. ಮೂಲೆಗೆ ಅವರೇ ಹೋದರು, ಪೆಟ್ಟು ಅವರೇ ತಿಂದರು. ಚಪ್ಪಾಳೆಯಾಗಲಿ ಮೊಕದ್ದಮೆಯಾಗಲಿ ಅವರ ಪರವಾಗಿ ಆಡಲಿಲ್ಲ. ನೀನು ಒಬ್ಬನೇ ಅಲ್ಲ ಎಂದು ಮಾತ್ರ ಹೇಳಿದವು. ಕಷ್ಟಪಡುವ ಕೆಲಸ ಓದುವವರದ್ದೇ. ಅವಮಾನದ ಭಾರವನ್ನೂ ಅದರ ಮೇಲೆ ಹೊರಿಸುವುದು ಬೇಡ ಎಂಬುದಷ್ಟೇ ನನ್ನ ವಾದ.

ಉಪನ್ಯಾಸಕರಲ್ಲಿ ನನ್ನ ವಿನಂತಿ ಒಂದೇ. ತರಗತಿಯಲ್ಲಿ ಯಾರಾದರೂ ತಪ್ಪು ಮಾತಾಡಿ ಉಳಿದವರು ನಕ್ಕಾಗ, ಮಾತಾಡಿದವರಿಗೆ ಧೈರ್ಯ ಹೇಳುವ ಮೊದಲು ನಕ್ಕವರನ್ನು ನಿಲ್ಲಿಸಿ. ಗೆಳೆಯರಲ್ಲಿ ನನ್ನ ವಿನಂತಿ ಇನ್ನೂ ಚಿಕ್ಕದು. ಎಲ್ಲರೂ ನಗುವಾಗ ನೀವು ನಗಬೇಡಿ. ಬೆಲ್ ಹೊಡೆದ ಮೇಲೆ ಹೋಗಿ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಆ ಪ್ರಶ್ನೆಯ ಉತ್ತರ ನಿಮಗೆ ಗೊತ್ತಿದ್ದರೆ ಹೇಳಿಕೊಡಿ. ಇದಕ್ಕೆ ಬಹುಮಾನ ಇಲ್ಲ, ಅಂಕಪಟ್ಟಿಯಲ್ಲಿ ಕಾಲಂ ಇಲ್ಲ. ಡಿಫೆನ್ಸ್‌ಮನ್ ತಡೆದ ಪಕ್ಕೂ ಸ್ಕೋರ್‌ಬೋರ್ಡಿನಲ್ಲಿ ಕಾಣುವುದಿಲ್ಲ. ಆದರೆ ಹಿಂದೆ ನಿಂತಿರುವ ಗೋಲ್‌ಕೀಪರ್‌ಗೆ ಅದು ಚೆನ್ನಾಗಿ ಗೊತ್ತಿರುತ್ತದೆ.